ಶನಿವಾರ ಮೂರು ಗಂಟೆಗೇ ಬಾಗಿಲು

ಸ್ವೀಡನ್ನಿಗೆ ಬಂದ ಹೊಸತು. ಶನಿವಾರ ಸಂಜೆ ಗೆಳೆಯರು ಬರುತ್ತಾರೆಂದು ವೈನ್ ತರಲು ಹೋದೆ. ಅಂಗಡಿ ಮಧ್ಯಾಹ್ನ ಮೂರಕ್ಕೇ ಮುಚ್ಚಿತ್ತು. ಭಾನುವಾರವಂತೂ ತೆರೆಯುವುದೇ ಇಲ್ಲ. ಮೂರೂವರೆ ಪರ್ಸೆಂಟಿಗಿಂತ ಗಡಸಾದ ಮದ್ಯವನ್ನು ಮನೆಗೆ ಒಯ್ಯಬೇಕೆಂದರೆ ಸಾಮಾನ್ಯವಾಗಿ ಸರ್ಕಾರದ ಸಿಸ್ಟೆಮ್‌ಬುಲಾಗೆಟ್ ಅಂಗಡಿಗೇ ಹೋಗಬೇಕು. 20 ತುಂಬಿರಬೇಕು. ಎಷ್ಟು ಬಾಟಲಿ ಕೊಂಡರೂ ರಿಯಾಯಿತಿ ಇಲ್ಲ.

ಅವತ್ತು ನನಗೆ ನೆನಪಾಗಿದ್ದು ರಾಯಚೂರು ಜಿಲ್ಲೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವ.

ಮಾವ ಕುಡಿತ ಬಿಡಲು ಮನಸ್ಸು ಮಾಡಿದ್ದರು. ಮನೆಯವರು ದೇವರ ಮುಂದೆ ಆಣೆ ಮಾಡಿಸಿದರು. ಮರುದಿನವೇ ಕೈ ನಡುಕ ಶುರುವಾಯಿತು, ಮೂರನೇ ದಿನ ಫಿಟ್ಸ್ ಬಂತು. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡಾಕ್ಟರು ನೋಡಿಕೊಂಡೇ ಬಿಡಿಸಬೇಕು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಇದನ್ನು ಓದುವವರ ಮನೆಯಲ್ಲಿ ಅಂಥವರಿದ್ದರೆ ದಯವಿಟ್ಟು ಆಣೆ ಮಾಡಿಸಿ ಸುಮ್ನೆ ಕೂರಬೇಡಿ. ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗವಿದೆ.

ಆಸ್ಪತ್ರೆಯಿಂದ ಬಂದ ಮೇಲೆ ಮಾವ ನಾಲ್ಕು ತಿಂಗಳು ಮುಟ್ಟಲಿಲ್ಲ. ಆದರೆ ಓಣಿಯ ಕಿರಾಣಿ ಅಂಗಡಿಯಲ್ಲಿ, ಅಕ್ಕಿ ಚೀಲದ ಹಿಂದೆ, 90 ಎಂಎಲ್ ಪ್ಯಾಕೆಟ್ ಇತ್ತು. ಬೆಳಿಗ್ಗೆ ಆರಕ್ಕೂ ಸಿಗುತ್ತಿತ್ತು, ಸಾಲಕ್ಕೂ ಸಿಗುತ್ತಿತ್ತು.

"ಅಂಗಡಿ ದೂರ ಇದ್ದಿದ್ರ ಬಿಡ್ತಿದ್ರೇನೋ. ಮನಿ ಮುಂದನ ಐತಲ್ಲಪ್ಪಾ" ಎಂದು ಅತ್ತೆ ಫೋನಿನಲ್ಲಿ ಅತ್ತರು.

2007ರ ಜುಲೈನಲ್ಲಿ ಸಾರಾಯಿ ನಿಂತಾಗ ಅತ್ತೆ ಖುಷಿಪಟ್ಟಿದ್ದರು. ಆ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಮಾಡಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದೇ ಹೋದರು. ನಿಷೇಧ ಬರಲಿಲ್ಲ. 2025-26ರ ನಮ್ಮ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂಬ ಗುರಿ ಇಟ್ಟರು. ಇಷ್ಟು ದುಡ್ಡು ಕುಡಿತದಿಂದಲೇ ಬರಬೇಕು ಅಂದುಕೊಂಡ ಸರ್ಕಾರ, ಕುಡಿತ ಕಡಿಮೆಯಾಗಲಿ ಅಂತ ಮನಸಾರೆ ಬಯಸುತ್ತದಾ?

ಸ್ವೀಡನ್ ಸರ್ಕಾರಕ್ಕೂ ಮದ್ಯದಿಂದ ತೆರಿಗೆ ಬರುತ್ತದೆ. ಇಲ್ಲೂ ಕುಡಿತದಿಂದ ಹಾಳಾದ ಮನೆಗಳಿವೆ, ಡ್ರಗ್ಸ್‌ಗೆ ಬಲಿಯಾದ ಹುಡುಗರಿದ್ದಾರೆ. ಶುಕ್ರವಾರ ಸಂಜೆ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಆದರೆ ಜಾಸ್ತಿ ಮಾರುವುದು ಆ ಅಂಗಡಿಯ ಕೆಲಸವಲ್ಲ, ಕುಡಿತದ ಹಾನಿ ತಗ್ಗಿಸುವುದು ಅದರ ಕೆಲಸ. ಹಾಗಂತ ಕಾನೂನಿನಲ್ಲೇ ಇದೆ.

ಪೂರ್ತಿ ನಿಷೇಧ ನಾನು ಕೇಳುತ್ತಿಲ್ಲ. ನಿಷೇಧವಿರುವ ಗುಜರಾತಿನಲ್ಲಿ 2022ರಲ್ಲಿ ಕಳ್ಳಭಟ್ಟಿಗೆ 40ಕ್ಕೂ ಹೆಚ್ಚು ಜನ ಸತ್ತರು. ಕಿರಾಣಿ ಅಂಗಡಿಯ ಪ್ಯಾಕೆಟ್ ನಿಲ್ಲಿಸಲಿ. ವಾರಕ್ಕೊಂದು ದಿನವಾದರೂ ಮದ್ಯದಂಗಡಿ ಮುಚ್ಚಲಿ. ತಾಲ್ಲೂಕಿಗೊಬ್ಬರಾದರೂ ಚಟ ಬಿಡಿಸುವ ಡಾಕ್ಟರು ಇರಲಿ. ಇದು ಆಗದ ಕೆಲಸವೇನಲ್ಲ ಅಲ್ವಾ?

ಮೊನ್ನೆ ಅತ್ತೆಗೆ ಇಲ್ಲಿನ ಪದ್ಧತಿ ಹೇಳಿದೆ. "ಅಲ್ಲಿ ಕಿರಾಣಿ ಅಂಗಡ್ಯಾಗ ಸಿಗಂಗೇ ಇಲ್ಲೇನು?" ಎಂದು ಎರಡು ಸಲ ಕೇಳಿದರು.