ರೂಮಿನ ಲೆಕ್ಕಕ್ಕೆ ಹಾಕಿ ಎನ್ನುವ ಮುಂಚೆ

ಊರಿನಿಂದ ಹೊಸದಾಗಿ ಬಂದವರು ಅಮೆರಿಕದಲ್ಲಿ ರೆಸಾರ್ಟಿಗೆ ಹೊರಟರೆ ನಾನು ಕೇಳುವ ಮೊದಲ ಪ್ರಶ್ನೆ, ಯಾವ ಕಾರ್ಡ್ ಇಟ್ಟುಕೊಂಡಿದ್ದೀರಿ ಅಂತ. ಡೆಬಿಟ್ ಕಾರ್ಡ್ ಅಂದರೆ, ಅದನ್ನು ಹೋಟೆಲಿನ ಕೌಂಟರಿನಲ್ಲಿ ತೆಗೆಯಲೇಬೇಡಿ ಅನ್ನುತ್ತೇನೆ. ಆನ್‌ಲೈನಿನಲ್ಲೇ ಪೂರ್ತಿ ದುಡ್ಡು ಕಟ್ಟಿದ್ದೀವಲ್ಲ, ಮತ್ತೆ ಯಾಕೆ ಕಾರ್ಡ್ ಕೇಳುತ್ತಾರೆ ಎಂಬ ಮರುಪ್ರಶ್ನೆ ತಪ್ಪದೆ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ನಮ್ಮ ಕಡೆ ದುಡ್ಡು ಕೊಟ್ಟರೆ ವ್ಯವಹಾರ ಮುಗಿಯಿತು. ಇಲ್ಲಿನ ರೆಸಾರ್ಟುಗಳಲ್ಲಿ ರೂಮಿನ ಬಾಡಿಗೆ ಕಟ್ಟಿದ ಮೇಲೂ ಒಂದು ಲೆಕ್ಕ ತೆರೆದೇ ಇರುತ್ತದೆ.

ನಡೆಯುವುದು ಇಷ್ಟು. ಕೌಂಟರಿನಲ್ಲಿ ಕಾರ್ಡ್ ಉಜ್ಜಿದಾಗ ಹೋಟೆಲಿನವರು ದುಡ್ಡು ತೆಗೆದುಕೊಳ್ಳುವುದಿಲ್ಲ. ಇಷ್ಟು ಮೊತ್ತವನ್ನು ನಮಗಾಗಿ ಎತ್ತಿಡಿ ಎಂದು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೇಳುತ್ತಾರೆ. ಅದೇ ಹೋಲ್ಡ್. ಬಾಡಿಗೆ ಬಾಕಿ ಇದ್ದರೆ ಬಾಡಿಗೆ, ತೆರಿಗೆ, ಅದರ ಮೇಲೆ ಊಟ, ಪಾನೀಯ, ಸ್ಪಾ, ಒಡೆದ ಗ್ಲಾಸು ಇತ್ಯಾದಿಗಳಿಗಾಗಿ ರಾತ್ರಿಗೆ 50 ಡಾಲರೋ 100 ಡಾಲರೋ ಹೆಚ್ಚಿಗೆ. ಹೊರಡುವ ದಿನ ನಿಜವಾದ ಬಿಲ್ಲಿನಷ್ಟು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಬಿಡಬೇಕು. ಕ್ರೆಡಿಟ್ ಕಾರ್ಡಾದರೆ ಕಟ್ಟಿಬೀಳುವುದು ನಿಮ್ಮ ಮಿತಿಯ ಒಂದು ಭಾಗ, ಮನೆ ನಡೆಸುವ ದುಡ್ಡಿಗೆ ಏನೂ ಆಗುವುದಿಲ್ಲ. ಡೆಬಿಟ್ ಕಾರ್ಡಾದರೆ ಕಟ್ಟಿಬೀಳುವುದು ನಿಮ್ಮ ಖಾತೆಯಲ್ಲಿರುವ ಸ್ವಂತ ದುಡ್ಡು. ಅದು ಮರಳಿ ಕೈಗೆ ಸಿಗಲು ಕೆಲವು ದಿನ, ಕೆಲವೊಮ್ಮೆ ವಾರಕ್ಕೂ ಹೆಚ್ಚು.

ನನ್ನ ಅಕ್ಕನ ಮಗ ಎಂಎಸ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಗೆಳೆಯರ ಜೊತೆ ಆರ್ಲ್ಯಾಂಡೊಗೆ ಹೋದ. ಅಮೆರಿಕದಲ್ಲಿ ಸಾಲ ಮಾಡಿ ತೀರಿಸಿದ ಚರಿತ್ರೆ ಇಲ್ಲದವನಿಗೆ ಒಳ್ಳೆಯ ಕ್ರೆಡಿಟ್ ಕಾರ್ಡ್ ಸುಲಭಕ್ಕೆ ಸಿಗುವುದಿಲ್ಲ, ಅವನ ಹತ್ತಿರ ಇದ್ದದ್ದು ಡೆಬಿಟ್ ಕಾರ್ಡೊಂದೇ. ಮೂರು ರಾತ್ರಿ, ರಾತ್ರಿಗೆ 200 ಡಾಲರ್. ಆ ಭಾಗದಲ್ಲಿ ರೂಮಿನ ಮೇಲೆ ತೆರಿಗೆ ಎಲ್ಲ ಸೇರಿ ಶೇ. 12.5, ಅಂದರೆ 675. ಇತರ ಖರ್ಚಿಗೆ ಅಂತ ದಿನಕ್ಕೆ 100ರಂತೆ 300. ಒಟ್ಟು 975 ಡಾಲರ್ ಅವನ ಖಾತೆಯಲ್ಲಿ ಕಟ್ಟಿಬಿತ್ತು. ಹೊರಡುವಾಗ ಗೆಳೆಯನೊಬ್ಬ, ನನ್ನ ಕಾರ್ಡಿಗೆ ಪಾಯಿಂಟ್ ಬರುತ್ತೆ ಕಣೋ, ನಾನೇ ಕೊಡ್ತೀನಿ, ಆಮೇಲೆ ಹಂಚ್ಕೊಳ್ಳೋಣ ಅಂದ. ಕೌಂಟರಿನವರು ಬೇಡ ಅನ್ನಲಿಲ್ಲ, ಎಚ್ಚರಿಸಲೂ ಇಲ್ಲ. ಬಿಲ್ಲು ಗೆಳೆಯನ ಕಾರ್ಡಿಗೆ ಹೋಯಿತು, ಹೋಲ್ಡ್ ಇದ್ದ ಕಾರ್ಡಿಗೆ ಬಿಲ್ಲೇ ಬಾರದ್ದರಿಂದ ಹುಡುಗನ 975 ಹಾಗೇ ಬಿಗಿದುಕೊಂಡು ಕೂತಿತು. ಅಷ್ಟರಲ್ಲಿ ತಿಂಗಳ ಮೊದಲ ತಾರೀಕು ಬಂತು. ಮನೆ ಬಾಡಿಗೆ ಖಾತೆಯಿಂದ ಹೋಗದೆ ವಾಪಸಾಯಿತು, ಮನೆ ಮಾಲೀಕರು ತಡವಾದದ್ದಕ್ಕೆ ದಂಡ ಹಾಕಿದರು. ಬ್ಯಾಂಕಿಗೆ ಫೋನ್ ಮಾಡಿದರೆ ಹೋಟೆಲಿನವರು ಬಿಡಬೇಕು ಅಂದರು. ಹೋಟೆಲಿಗೆ ಮಾಡಿದರೆ ನಾವು ಬಿಟ್ಟಾಯಿತು, ಬ್ಯಾಂಕನ್ನು ಕೇಳಿ ಅಂದರು. ಇಬ್ಬರೂ ಬಹಳ ಮರ್ಯಾದೆಯಿಂದಲೇ ಮಾತಾಡಿದರು, ಆದರೆ ದುಡ್ಡು ಯಾವ ದಿನ ಬರುತ್ತದೆ ಎಂದು ಹೇಳುವವರು ಒಬ್ಬರೂ ಇರಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಹೋಲ್ಡ್ ಅನ್ನುವ ಪದ್ಧತಿಯೇ ತಪ್ಪು ಅಂತ ನಾನು ಹೇಳುವುದಿಲ್ಲ. ಗುರುತು ಪರಿಚಯ ಇಲ್ಲದವನಿಗೆ ಲಕ್ಷಗಟ್ಟಲೆ ಬೆಲೆಯ ರೂಮಿನ ಬೀಗದ ಕೈ ಕೊಡುವವನಿಗೆ ಒಂದು ಭದ್ರತೆ ಬೇಕು. ಆದರೆ ಭದ್ರತೆ ತೆಗೆದುಕೊಂಡವನಿಗೆ ಅದನ್ನು ಬಿಡಿಸುವ ಹೊಣೆಯೂ ಇರಬೇಕು, ತಾರೀಕೂ ಇರಬೇಕು.

ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ ಅವರನ್ನು ಫ್ಲೋರಿಡಾಗೆ ಕರೆದುಕೊಂಡು ಹೋಗಿದ್ದೆವು. ಅಪ್ಪ ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಕೌಂಟರಿನಲ್ಲಿ ನಾನು ಕಾರ್ಡ್ ಕೊಟ್ಟದ್ದನ್ನು ನೋಡಿ ಲಿಫ್ಟಿನಲ್ಲಿ ಕೇಳಿದರು: "ದುಡ್ಡು ಮೊದಲೇ ಕಟ್ಟಿದ್ದೆಯಲ್ಲೋ, ಈಗ ಮತ್ತೆ ಏನು ತಗೊಂಡ್ರು?" ನಾನು ವಿವರಿಸಿದೆ. "ಅಂದ್ರೆ ಲೀನ್ ಹಾಕ್ತಾರೆ ಅನ್ನು" ಅಂದರು. ಖಾತೆಯ ದುಡ್ಡು ಮುಟ್ಟದಂತೆ ಹಾಕುವ ತಡೆಗೆ ಬ್ಯಾಂಕಿನವರ ಮಾತು ಅದು. ಹೌದಪ್ಪ ಅಂದೆ. "ಸರಿ, ಯಾವತ್ತು ತೆಗೀತಾರೆ? ಎಲ್ಲಿ ಬರೆದಿದೆ?" ಸಹಿ ಹಾಕಿದ ಹಾಳೆ ನನ್ನ ಕೈಯಲ್ಲೇ ಇತ್ತು. ಸಣ್ಣ ಅಕ್ಷರದಲ್ಲಿ, ಬಿಡುಗಡೆಯ ಅವಧಿ ನಿಮ್ಮ ಬ್ಯಾಂಕನ್ನು ಅವಲಂಬಿಸಿದೆ ಎಂಬ ಒಂದು ಸಾಲು. ಮೊತ್ತ ಎಷ್ಟು ಅನ್ನುವುದೂ ಅಂಕಿಯಲ್ಲಿ ಇರಲಿಲ್ಲ.

ಅಪ್ಪನ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಭಾರತದಲ್ಲಿ ಐಪಿಒಗೆ, ಅಂದರೆ ಕಂಪನಿಯೊಂದು ಮೊದಲ ಸಲ ಜನರಿಗೆ ಮಾರುವ ಷೇರಿಗೆ, ಅರ್ಜಿ ಹಾಕಿದವರಿಗೆಲ್ಲ ಬ್ಲಾಕ್ ಅಂದರೆ ಏನು ಅಂತ ಗೊತ್ತು. 2008ರಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ತಂದ ಅಸ್ಬಾ ಎಂಬ ವ್ಯವಸ್ಥೆಯಲ್ಲಿ ಅರ್ಜಿಯ ದುಡ್ಡು ನಮ್ಮ ಖಾತೆಯಲ್ಲೇ ಇರುತ್ತದೆ, ಬಡ್ಡಿಯೂ ಬರುತ್ತದೆ, ಮುಟ್ಟುವ ಹಾಗಿಲ್ಲ ಅಷ್ಟೇ. ಷೇರು ಸಿಕ್ಕರೆ ಹೋಗುತ್ತದೆ, ಸಿಗದಿದ್ದರೆ ಬಿಡುಗಡೆ. ಯುಪಿಐ ಮೂಲಕ ಹಾಕಿದ ಅರ್ಜಿಗಳ ಬ್ಲಾಕ್ ತೆಗೆಯಲು ತಡವಾಗುತ್ತಿದೆ ಎಂಬ ದೂರು ಬಂದಾಗ 2021ರಲ್ಲಿ ಸೆಬಿ ಒಂದು ಸುತ್ತೋಲೆ ಹೊರಡಿಸಿತು: ತಡವಾದರೆ ಅರ್ಜಿದಾರನಿಗೆ ದಿನಕ್ಕೆ 100 ರೂಪಾಯಿ ಅಥವಾ ವರ್ಷಕ್ಕೆ ಶೇ. 15ರ ಲೆಕ್ಕ, ಯಾವುದು ಹೆಚ್ಚೋ ಅದನ್ನು ಪರಿಹಾರವಾಗಿ ಕೊಡಬೇಕು ಅಂತ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ಮಾತ್ರ ಹಣ ಕಡಿತವಾದರೂ ಇಂಥದೇ ನಿಯಮವಿದೆ. ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆಯ ಪ್ರಕಾರ ಐದು ದಿನದೊಳಗೆ ವಾಪಸು ಹಾಕಬೇಕು, ಇಲ್ಲದಿದ್ದರೆ ದಿನಕ್ಕೆ 100 ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ತಡ ಮಾಡಿದವನು ತೆರಬೇಕು ಎಂಬ ನ್ಯಾಯ ಅದರಲ್ಲಿದೆ. ಅಮೆರಿಕದ ಹೋಟೆಲ್ ಹೋಲ್ಡಿನ ವಿಷಯದಲ್ಲಿ ತೆತ್ತವನು ನನ್ನ ಅಕ್ಕನ ಮಗ.

ಇನ್ನು ರೂಮ್ ಚಾರ್ಜ್, ಅಂದರೆ ಖರ್ಚನ್ನು ರೂಮಿನ ಲೆಕ್ಕಕ್ಕೆ ಹಾಕಿಸುವುದು. ಈಜುಕೊಳದ ಪಕ್ಕ ಕೂತು ಏನಾದರೂ ತರಿಸಿದರೆ ಕೈಯಲ್ಲಿ ದುಡ್ಡು ಹಿಡಿಯಬೇಕಾಗಿಲ್ಲ, ರೂಮ್ ನಂಬರ್ ಮತ್ತು ಮನೆತನದ ಹೆಸರು ಹೇಳಿ ಸಹಿ ಹಾಕಿದರೆ ಸಾಕು. ಡಿಸ್ನಿಯವರು 2013ರಲ್ಲಿ ಮ್ಯಾಜಿಕ್‌ಬ್ಯಾಂಡ್ ತಂದ ಮೇಲೆ ಅದೂ ಬೇಡ, ಮುಂಗೈ ಪಟ್ಟಿಯನ್ನು ತಾಗಿಸಿ ನಾಲ್ಕಂಕಿಯ ಪಿನ್ ಒತ್ತಿದರೆ ಆಯಿತು. ಮನೆಯವರಲ್ಲಿ ಯಾರ ಪಟ್ಟಿಗೆ ಖರ್ಚು ಮಾಡುವ ಅಧಿಕಾರ, ಯಾರದಕ್ಕೆ ಇಲ್ಲ ಅನ್ನುವುದನ್ನು ನಾವೇ ನಿಗದಿ ಮಾಡಬಹುದು. ಮಕ್ಕಳಿರುವ ಮನೆಯವರು ಅದನ್ನು ಮೊದಲ ದಿನವೇ ಮಾಡಿಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಪರ್ಸು ಹುಡುಕುವ ತಾಪತ್ರಯ ಇಲ್ಲ ಅನ್ನುವುದು ನಿಜವಾದ ಅನುಕೂಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಸಹಿಗೆ ಕೊಡುವ ಬಿಲ್ಲಿನ ಚೀಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ನಮಗೆ ಬಂದದ್ದರಲ್ಲಿ ಲೆಮನೇಡು, ಫ್ರೈಸು ಎಲ್ಲ ಸೇರಿ 32 ಡಾಲರ್. ಕೆಳಗೆ ತೆರಿಗೆ. ಅದರ ಕೆಳಗೆ ಶೇ. 18ರಂತೆ ಟಿಪ್ಸು 5.76, ಅವರೇ ಸೇರಿಸಿದ್ದು. ಅದಕ್ಕೂ ಕೆಳಗೆ ಟಿಪ್ಸ್ ಅಂತಲೇ ಬರೆದು ಖಾಲಿ ಬಿಟ್ಟ ಇನ್ನೊಂದು ಗೆರೆ, ಆಮೇಲೆ ಒಟ್ಟು ಮೊತ್ತ ನಾವೇ ತುಂಬಬೇಕಾದ ಗೆರೆ, ಸಹಿ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಮಗು ಕರೆಯುತ್ತಿದೆ ಅಂತ ಅವಸರದಲ್ಲಿ ಸಹಿ ಹಾಕುವವರು ಮೇಲಿನ ಸಾಲನ್ನು ಓದದೆ ಕೆಳಗಿನ ಗೆರೆಯಲ್ಲಿ ಮತ್ತೊಮ್ಮೆ ಟಿಪ್ಸು ತುಂಬುತ್ತಾರೆ. ಬಡಿಸುವವರಿಗೆ ಟಿಪ್ಸು ಸಲ್ಲಬೇಕು, ಅವರ ಸಂಬಳವೇ ಅದರ ಮೇಲೆ ನಿಂತಿರುವ ದೇಶ ಇದು. ಆದರೂ ಎರಡು ಸಲ ಕೇಳುವ ಚೀಟಿಯನ್ನು ಅಚ್ಚು ಹಾಕಿಸಿದ್ದು ಬಡಿಸುವವರಲ್ಲ, ಆಡಳಿತ.

ಅಪ್ಪನಿಗೆ ಇದೊಂದೂ ಸರಿಬರಲಿಲ್ಲ. ರೂಮಿನ ಮೇಜಿನ ಮೇಲೆ ಇಟ್ಟಿದ್ದ ನೀರಿನ ಬಾಟಲಿಯ ಕೊರಳಿಗೆ ಬೆಲೆಯ ಚೀಟಿ ಕಟ್ಟಿತ್ತು. ಅದನ್ನು ಓದಿದವರು ಬಾಟಲಿಯನ್ನು ಮುಟ್ಟಲಿಲ್ಲ, ಅಮ್ಮನಿಗೂ ಮುಟ್ಟಬೇಡ ಅಂದರು. ಕುಡಿಯುವ ನೀರಿಗೆ ಬೆಲೆ ಕಟ್ಟಿ, ಅದನ್ನು ಬಂದವರ ಕೈಗೆಟುಕುವಲ್ಲಿ ಇಟ್ಟು ಕಾಯುವುದು ಅವರಿಗೆ ಅತಿಥಿಯನ್ನು ನಡೆಸಿಕೊಳ್ಳುವ ರೀತಿಯಾಗಿ ಕಾಣಲೇ ಇಲ್ಲ. ನನಗೂ ಹಾಗೇ ಅನಿಸುತ್ತದೆ.

ಕರ್ನಾಟಕಕ್ಕೆ ರಜೆಗೆ ಹೋದಾಗಲೆಲ್ಲ ಇದರ ಎದುರು ಪದ್ಧತಿ ಸಿಗುತ್ತದೆ. ಕಬಿನಿಯಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರದು ಪ್ಯಾಕೇಜ್ ಲೆಕ್ಕ: ತಲೆಗೆ ಇಷ್ಟು ಅಂದರೆ ಅದರಲ್ಲಿ ರೂಮು, ಊಟ ತಿಂಡಿ, ಸಫಾರಿ ಎಲ್ಲ ಬಂತು. ಬುಕ್ ಮಾಡುವಾಗಲೇ ದುಡ್ಡು ಕಟ್ಟಿರುತ್ತೇವೆ, ಮೇಲಿನ ಖರ್ಚಿದ್ದರೆ ಅದಕ್ಕಷ್ಟೇ ಬಿಲ್ಲು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹೋಮ್‌ಸ್ಟೇಗಳಲ್ಲಿ ಸ್ವಲ್ಪ ಅಡ್ವಾನ್ಸ್, ಆಧಾರ್ ಪ್ರತಿ, ರಿಜಿಸ್ಟರಿನಲ್ಲಿ ಒಂದು ಸಹಿ. ಉಳಿದದ್ದು ಹೋಗುವಾಗ ಕೊಡಿ ಸಾರ್ ಅನ್ನುತ್ತಾರೆ. ಕಾಫಿ ಎಷ್ಟು ಸಲ ಬಂತು ಅಂತ ಯಾರೂ ಬರೆದಿಡುವುದಿಲ್ಲ. ಹೊರಡುವಾಗ ಯುಪಿಐ ಕೋಡಿಗೆ ಫೋನ್ ಹಿಡಿದು ನಾವೇ ಮೊತ್ತ ಒತ್ತಿ, ನಾವೇ ಪಿನ್ ಹಾಕಿ, ಬಂತು ಅಂತ ಅವರು ಹೇಳಿದ ಮೇಲೆ ಗಾಡಿ ಹತ್ತುತ್ತೇವೆ. ಅಲ್ಲಿಗೆ ಲೆಕ್ಕ ಚುಕ್ತಾ. ಮೂರು ದಿನ ಬಿಟ್ಟು ನಿಮ್ಮ ಖಾತೆಯಿಂದ ಇನ್ನಷ್ಟು ತೆಗೆದುಕೊಂಡೆವು ಎಂಬ ಸುದ್ದಿ ಬರುವ ಹಾಗಿಲ್ಲ, ಏಕೆಂದರೆ ತೆಗೆದುಕೊಳ್ಳುವ ದಾರಿಯೇ ಅವರ ಹತ್ತಿರ ಇಲ್ಲ. ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಕಾರ್ಡಿನ ಮೇಲೆ ಬ್ಲಾಕ್ ಹಾಕುವ ರೂಢಿ ಅಲ್ಲೂ ಇದೆ ಅನ್ನಿ.

ಹಾಗಂತ ನಮ್ಮ ಊರಿನ ಪದ್ಧತಿಯನ್ನು ತಲೆ ಮೇಲೆ ಹೊತ್ತುಕೊಳ್ಳುವವನು ನಾನಲ್ಲ. ಅಡ್ವಾನ್ಸ್ ಕಳಿಸಿದ ಮೇಲೆ ಮಳೆಗೆ ರಸ್ತೆ ಕುಸಿದು ಹೋಗಲಾಗದಿದ್ದರೆ ಆ ದುಡ್ಡು ಬರುವುದು ಮಾಲೀಕರ ಒಳ್ಳೆಯತನದ ಮೇಲೆ. ಯುಪಿಐನಲ್ಲಿ ಒಮ್ಮೆ ನಾವಾಗಿಯೇ ಕಳಿಸಿದ ದುಡ್ಡನ್ನು ಹಿಂದಕ್ಕೆ ತರಿಸುವುದು ಬಲು ಕಷ್ಟ. ಈ ವಿಷಯದಲ್ಲಿ ಅಮೆರಿಕ ಬಹಳ ಮುಂದಿದೆ. 1974ರ ಕಾಯ್ದೆಯೊಂದರ ಪ್ರಕಾರ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ತಪ್ಪು ಕಂಡರೆ, ಸ್ಟೇಟ್‌ಮೆಂಟ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಲಿಖಿತವಾಗಿ ತಿಳಿಸಿದರೆ ಸಾಕು. ವಿಚಾರಣೆ ಮುಗಿಯುವ ತನಕ ಆ ಮೊತ್ತ ಕಟ್ಟಬೇಕಾಗಿಲ್ಲ. ರೂಮಿನ ಪುಟ್ಟ ಫ್ರಿಜ್ಜಿನಲ್ಲಿ, ಅಂದರೆ ಮಿನಿಬಾರಿನಲ್ಲಿ, ನಾವು ಮುಟ್ಟದ ತಿನಿಸಿಗೆ ಒಂದು ರೆಸಾರ್ಟಿನವರು ನಾವು ಮನೆ ಸೇರಿದ ಮೇಲೆ ಚಾರ್ಜ್ ಹಾಕಿದ್ದರು. ಫೋನಿನಲ್ಲಿ ಎಷ್ಟು ಹೇಳಿದರೂ ಒಪ್ಪಲಿಲ್ಲ. ಬ್ಯಾಂಕಿಗೆ ಬರೆದೆ, ಹೊರಡುವ ದಿನ ಕೊಟ್ಟಿದ್ದ ಬಿಲ್ಲನ್ನೂ ಲಗತ್ತಿಸಿದೆ, ದುಡ್ಡು ವಾಪಸು ಬಂತು. ಆ ಬಿಲ್ಲು ಇಲ್ಲದಿದ್ದರೆ ನನ್ನ ಮಾತಿಗೆ ಆಧಾರ ಇರುತ್ತಿರಲಿಲ್ಲ. ಈಗ ಬಹಳ ಕಡೆ ಕೌಂಟರಿಗೆ ಹೋಗದೆ ಫೋನಿನಲ್ಲೇ ಚೆಕ್-ಔಟ್ ಮಾಡಿಸುತ್ತಾರೆ. ಬೆಳಗಿನ ವಿಮಾನ ಹಿಡಿಯುವ ಗಡಿಬಿಡಿ ಇದ್ದರೂ ನಾನು ಕೌಂಟರಿಗೆ ಹೋಗಿ ಬಿಲ್ಲು ಅಚ್ಚು ಹಾಕಿಸಿಕೊಂಡು ಒಂದೊಂದೇ ಸಾಲು ಓದಿಯೇ ಹೊರಡುವುದು.

ಭಾರತದ ಕಾರ್ಡು ತಂದು ಇಲ್ಲಿ ಬಳಸುವ ಅಪ್ಪ ಅಮ್ಮಂದಿರಿಗೆ ಇನ್ನೊಂದು ತೊಡಕು. ಆನ್‌ಲೈನ್ ಖರ್ಚಿಗೆಲ್ಲ ಓಟಿಪಿ ಬರುತ್ತದೆ, ನಾವು ಒಪ್ಪದೆ ಯಾರೂ ತೆಗೆಯಲಾರರು ಎಂಬ ಧೈರ್ಯ ಅವರಿಗೆ ಅಭ್ಯಾಸವಾಗಿದೆ. 2009ರಿಂದ ರಿಸರ್ವ್ ಬ್ಯಾಂಕ್ ಕಟ್ಟಿಕೊಟ್ಟ ಧೈರ್ಯ ಅದು. ಹೊರದೇಶದ ವ್ಯಾಪಾರಿಗಳು ಆ ಓಟಿಪಿ ಕೇಳದೆಯೂ ಚಾರ್ಜ್ ಮಾಡಬಲ್ಲರು. ಜೊತೆಗೆ ಡಾಲರಿನ ದರ ಏರಿಳಿಯುವುದರಿಂದ ಬ್ಲಾಕ್ ಆದ ದಿನದ ರೂಪಾಯಿ ಲೆಕ್ಕ ಒಂದು, ಬಿಲ್ಲು ಕುಳಿತ ದಿನದ್ದು ಇನ್ನೊಂದು. ಪ್ರೀಪೇಯ್ಡ್ ಫಾರೆಕ್ಸ್ ಕಾರ್ಡ್ ಆದರೆ ಪ್ರವಾಸಕ್ಕೆಂದು ತುಂಬಿ ತಂದ ದುಡ್ಡೇ ಮೊದಲ ದಿನ ಕಟ್ಟಿಬೀಳುತ್ತದೆ. 2020ರಿಂದ ಅಂತರರಾಷ್ಟ್ರೀಯ ಬಳಕೆಯನ್ನು ಆ್ಯಪಿನಲ್ಲಿ ನಾವೇ ತೆರೆದು ಮುಚ್ಚುವ ಸೌಲಭ್ಯ ಬಂದಿದೆ. ಕೊನೆಯ ಬಿಲ್ಲು ಸರಿಯಾಗಿ ಕುಳಿತದ್ದನ್ನು ನೋಡಿಕೊಂಡು ಅದನ್ನು ಮುಚ್ಚಿಬಿಡಬೇಕು.

ಅಮೆರಿಕ ತಿದ್ದಿಕೊಳ್ಳಲಾರದ ದೇಶವೇನಲ್ಲ. ವರ್ಷಗಟ್ಟಲೆ ಇಲ್ಲಿನ ಹೋಟೆಲುಗಳು ರೂಮಿನ ಬಾಡಿಗೆ ಕಡಿಮೆ ತೋರಿಸಿ, ಕೊನೆಯಲ್ಲಿ ರೆಸಾರ್ಟ್ ಫೀ ಅಂತ ಸೇರಿಸುತ್ತಿದ್ದವು. ಲಾಸ್ ವೇಗಸ್‌ನಲ್ಲಿ ಅದು ರಾತ್ರಿಗೆ 40, 50 ಡಾಲರ್ ಮುಟ್ಟಿತ್ತು. ಜನ ಬೈದರು, ದೂರು ಕೊಟ್ಟರು. 2024ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ, 2025ರ ಮೇ 12ರಿಂದ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆ ಎಫ್‌ಟಿಸಿಯ ನಿಯಮದಂತೆ ದೇಶಕ್ಕೆಲ್ಲ, ಕಡ್ಡಾಯ ಶುಲ್ಕ ಸೇರಿಸಿಯೇ ಬೆಲೆ ತೋರಿಸಬೇಕು ಅಂತಾಯಿತು. ಫೀ ಹೋಗಲಿಲ್ಲ, ಆದರೆ ಮುಚ್ಚಿಡುವಂತಿಲ್ಲ. ಹೋಲ್ಡಿಗೂ ಅದೇ ಬೇಕು: ಬೆಲೆ ತೋರಿಸುವ ಪುಟದಲ್ಲೇ ಎಷ್ಟು ಡಾಲರ್ ಕಟ್ಟಿಡುತ್ತಾರೆ ಎಂಬ ಅಂಕಿ, ಹೊರಟ ಮೇಲೆ ಹೋಟೆಲು ಬಿಡಬೇಕಾದ ಗಡುವು, ಬ್ಯಾಂಕು ಖಾತೆಗೆ ಸೇರಿಸಬೇಕಾದ ಗಡುವು, ಮೀರಿದರೆ ಗಿರಾಕಿಗೆ ದಿನದ ಲೆಕ್ಕದಲ್ಲಿ ಪರಿಹಾರ. ಸೆಬಿಯ ಸುತ್ತೋಲೆ ಮಾದರಿಯಾಗಿ ಕಣ್ಣೆದುರೇ ಇದೆ.

ಅಂಥ ನಿಯಮ ಬರುವ ತನಕ ಕೌಂಟರಿನಲ್ಲಿ ನಾವೇ ಬಾಯಿ ಬಿಡಬೇಕು. ಎಷ್ಟು ಹೋಲ್ಡ್ ಹಾಕುತ್ತೀರಿ, ದಿನಕ್ಕೋ ಒಟ್ಟಿಗೋ, ಊಟ ತಿಂಡಿಯ ಖರ್ಚನ್ನು ರೂಮಿಗೆ ಹಾಕಿಸುವುದು ಬೇಡ ಅಂದರೆ ಕಡಿಮೆ ಮಾಡುತ್ತೀರಾ ಅಂತ ಕೇಳಬೇಕು. ಕೆಲವು ಕಡೆ ಕಡಿಮೆ ಮಾಡುತ್ತಾರೆ, ಕೇಳದವರಿಗೆ ತಾವಾಗಿ ಹೇಳುವುದಿಲ್ಲ. ಹಿಂದೆ ಸಾಲು ಉದ್ದವಿದೆ, ಏನಂದುಕೊಂಡಾರೋ ಎಂಬ ಸಂಕೋಚ ನಮ್ಮವರಿಗೆ ಜಾಸ್ತಿ. ಅಕ್ಕನ ಮಗನಿಗೆ ಈಗ ಕ್ರೆಡಿಟ್ ಕಾರ್ಡ್ ಇದೆ, ಆದರೂ ಅವನು ಆ ಅಂಕಿಯನ್ನು ಕೇಳಿ ಬೀಗದ ಕಾರ್ಡಿನ ಕವರಿನ ಮೇಲೆ ಅವರ ಕೈಯಲ್ಲೇ ಬರೆಸಿಕೊಳ್ಳುತ್ತಾನೆ.