ಕೆಂಪು ನಕ್ಷತ್ರದಲ್ಲಿ ಹುಟ್ಟಿದವರು

"ಸರ್‌ನೇಮ್ ಹೇಳಿ ಸಾರ್."

"ಇಲ್ಲ."

"ಇಲ್ಲ ಅಂದ್ರೆ ಹೆಂಗೆ? ಸ್ಟಾರ್ ಹಾಕಿದಾರೆ ನೋಡಿ, ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ."

ಫಾರಮ್ಮು ತುಂಬುತ್ತಿದ್ದ ಹುಡುಗ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ ಕೆಂಪು ನಕ್ಷತ್ರ ತೋರಿಸಿದ. ಹುಟ್ಟಿದ ನಕ್ಷತ್ರ ಕೇಳಿದ್ದರೆ ಪಾದದ ಸಮೇತ ಹೇಳುತ್ತಿದ್ದೆ. ಈ ನಕ್ಷತ್ರಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ನನಗಿರುವುದು ಒಂದು ಹೆಸರು, ಅದರ ಮುಂದೆ ಎರಡು ಇನಿಷಿಯಲ್ಲು. ಎಚ್ ಅಂದರೆ ಹುಳಿಯಾರು, ಆರ್ ಅಂದರೆ ನಮ್ಮಪ್ಪ ರಂಗಪ್ಪ. ಎಲ್ಲಿಯವನು, ಯಾರ ಮಗ, ಯಾರು: ಮೂರೂ ಅಷ್ಟರಲ್ಲೇ ಮುಗಿಯುತ್ತಿತ್ತು.

ಹುಡುಗನಿಗೆ ನನ್ನ ಮೇಲೆ ಕರುಣೆ ಬಂತು. "ಏನಾದ್ರೂ ಒಂದು ಹಾಕ್ಬಿಡಿ ಸಾರ್. ಗೌಡ ಅಂತಲೋ, ರಾವ್ ಅಂತಲೋ... ನಿಮ್ದು ಯಾವುದು?"

ಬಂತು ನೋಡಿ ದಾರಿಗೆ! ಜಾತಿ ಯಾವುದೆಂದು ಬಾಯಿಬಿಟ್ಟು ಕೇಳಲು ನಾಚುವವರಿಗೆ ಸರ್‌ನೇಮ್ ಎನ್ನುವುದು ಒಳ್ಳೆಯ ಹಿತ್ತಿಲ ಬಾಗಿಲು. ಶಾಲೆಗೆ ಸೇರಿಸುವಾಗ ಅಪ್ಪ ಬೇಕೆಂದೇ ಬಿಟ್ಟ ಬಾಲವನ್ನು ಐವತ್ತು ವರ್ಷದ ಮೇಲೆ ಒಂದು ಸಾಫ್ಟ್‌ವೇರು ಹುಡುಕಿ ತಂದು ಅಂಟಿಸಲು ಕೂತಿತ್ತು. ನಾನು ಹಟ ಹಿಡಿದು ಸರ್‌ನೇಮ್ ಜಾಗದಲ್ಲಿ ರಂಗಪ್ಪ ಅಂತಲೂ, ಫಸ್ಟ್ ನೇಮ್ ಶುರುವಿನಲ್ಲಿ ಹುಳಿಯಾರು ಅಂತಲೂ ಬರೆಸಿದೆ.

ಅವತ್ತಿನಿಂದ ನನ್ನನ್ನು ಯಾರೂ ಕರೆಯುವುದಿಲ್ಲ. "ಡಿಯರ್ ಹುಳಿಯಾರು, ನಿಮ್ಮ ವಿಮಾನ ಎರಡು ಗಂಟೆ ತಡ" ಎಂದು ಮೆಸೇಜು ಬರುತ್ತದೆ, ಇಡೀ ಊರೇ ಗಂಟುಮೂಟೆ ಕಟ್ಟಿಕೊಂಡು ಗೇಟಿನಲ್ಲಿ ಕಾಯುತ್ತಿದೆಯೇನೋ ಅನ್ನುವ ಹಾಗೆ. ಕೌಂಟರಿನಲ್ಲಿ "ಮಿಸ್ಟರ್ ರಂಗಪ್ಪ" ಎಂದು ಕೂಗುತ್ತಾರೆ. ವರ್ಷ ವರ್ಷ ಎಡೆಯಿಟ್ಟು ಕರೆದರೂ ಬಾರದವರು ಅಲ್ಲಿಗೆ ಬರುತ್ತಾರೆಯೇ? ಅಪ್ಪನ ಪರವಾಗಿ ನಾನೇ ಎದ್ದು ಹೋಗುತ್ತೇನೆ.

ದೊಡ್ಡವರು ಬೇಗ ಹುಟ್ಟಿ ಬಚಾವಾದರು. ಸರ್ ಎಂ. ವಿ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ, ಮೋಕ್ಷಗುಂಡಂ ಎನ್ನುವುದು ಅವರ ಪೂರ್ವಿಕರು ಯಾವಾಗಲೋ ಬಿಟ್ಟು ಬಂದ ಆಂಧ್ರದ ಊರು. ಈಗ ಬದುಕಿದ್ದರೆ "ಹಾಯ್ ಮೋಕ್ಷಗುಂಡಂ, ನಿಮ್ಮ ಕೆವೈಸಿ ಬಾಕಿ ಇದೆ" ಎಂದು ದಿನಕ್ಕೆರಡು ಸಲ ಓದಬೇಕಿತ್ತು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ವಿಶ್ವಮಾನವರಾದರೂ ಕಂಪ್ಯೂಟರಿನ ಪಾಲಿಗೆ ಬರೀ ಕುಪ್ಪಳಿ. ಮಾಸ್ತಿಯವರದೊಂದೇ ತಕರಾರಿಲ್ಲದ ಕೇಸು. ಅವರನ್ನು ನಾವೇ ಮೊದಲಿನಿಂದ ಊರ ಹೆಸರು ಹಿಡಿದು ಕರೆಯುತ್ತ ಬಂದಿದ್ದೇವೆ.

ಇದನ್ನೆಲ್ಲ ಹೇಳಿಕೊಂಡರೆ ಧಾರವಾಡದ ಗೆಳೆಯ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಅವರ ಕಡೆ ಅಡ್ಡಹೆಸರಿಗೆ ಬರವೇ? ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಹುಣಸಿಮರದ. ಮದುವೆಗೆ ಕರೆಯಬೇಕಾದವರ ಪಟ್ಟಿಯನ್ನೇ ಹಿಡಿದು ಸಂತೆಗೆ ಹೋಗಿ ಬರಬಹುದು.

ಸರ್‌ನೇಮ್ ಹೇರುವ ಚಟ ಹೊಸದೇನೂ ಅಲ್ಲ. ಸಿಯಾಮಿನಲ್ಲಿ, ಅಂದರೆ ಈಗಿನ ಥಾಯ್ಲೆಂಡಿನಲ್ಲಿ, 1913ರಲ್ಲಿ ಕಾನೂನು ಬಂತು, ಎಲ್ಲರೂ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ. ಆದರೆ ಅಲ್ಲಿನ ದೊರೆ ವಜ್ರಾಯುಧ ತಾನೇ ಕೂತು ಆರು ಸಾವಿರಕ್ಕೂ ಹೆಚ್ಚು ಹೆಸರು ಹೊಸೆದು ಹಂಚಿದ. ಟರ್ಕಿಯಲ್ಲಿ 1934ರ ಕಾನೂನಿನ ಬೆನ್ನಿಗೇ ಅಧ್ಯಕ್ಷ ಮುಸ್ತಫಾ ಕೆಮಾಲನಿಗೆ ಸಂಸತ್ತು "ಅತಾತುರ್ಕ್" ಎಂಬ ಹೆಸರು ದಯಪಾಲಿಸಿತು. ಮಂಗೋಲಿಯಾದ ಕತೆ ಇನ್ನೂ ಸೊಗಸು. ಕಮ್ಯುನಿಸ್ಟರು ಮನೆತನದ ಹೆಸರುಗಳನ್ನೇ ಅಳಿಸಿದ್ದರು; ತೊಂಬತ್ತರ ದಶಕದಲ್ಲಿ ಮತ್ತೆ ಇಟ್ಟುಕೊಳ್ಳಿ ಎಂದಾಗ ಹಳೆಯದು ಎಷ್ಟೋ ಜನಕ್ಕೆ ನೆನಪೇ ಇಲ್ಲ. ದಂಡಿದಂಡಿಯಾಗಿ ಜನ ಚೆಂಗಿಸ್ ಖಾನನ ಕುಲದ ಹೆಸರಿಗೇ ಮುಗಿಬಿದ್ದರು. 1981ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದಿದ್ದ ಗುರ್ರಗ್ಚಾ ಮಾತ್ರ "ಸನ್ಸರ್" ಎಂದು ಇಟ್ಟುಕೊಂಡರು. ನಮ್ಮ ಸಂಸಾರವೇ ಬೌದ್ಧರ ಜೊತೆ ಅಲ್ಲಿಗೆ ಹೋಗಿ ಬ್ರಹ್ಮಾಂಡ ಎಂಬ ಅರ್ಥ ಪಡೆದಿದೆ. ಇಲ್ಲೇ ಉಳಿದ ಸಂಸಾರ ಇನ್ನೂ ಮನೆ ಬಾಡಿಗೆ ಕಟ್ಟುತ್ತಿದೆ.

ದೊರೆಗಿದ್ದ ತಾಳ್ಮೆ ಫಾರಮ್ಮಿಗಿಲ್ಲ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರು ಪ್ರವಾಸಿ ವೀಸಾದಲ್ಲಿ ಬರುವಂತಿಲ್ಲ ಎಂದುಬಿಟ್ಟಿತು. ಆಮೇಲೆ, ಇನ್ನೊಂದು ಪುಟದಲ್ಲಿ ಅಪ್ಪನ ಹೆಸರಿದ್ದರೂ ನಡೆಯುತ್ತದೆ ಎಂದಿತು. ಪುಣ್ಯಕ್ಕೆ ಅಪ್ಪ ಇದ್ದ.

ನಮ್ಮ ಅಣ್ಣನ ಮಗ ಅಮೆರಿಕಕ್ಕೆ ಹೊರಟಾಗ ಮಾತ್ರ ಅಪ್ಪನೂ ಕೈಹಿಡಿಯಲಿಲ್ಲ. ಧರ್ಮಸ್ಥಳಕ್ಕೆ ಹರಕೆ ಹೊತ್ತು ಹುಟ್ಟಿದವನು, ಮಂಜುನಾಥ. ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಹೆಸರು ಬರೆದು, ಸೋದರತ್ತೆ ಮೂರು ಸಲ ಕಿವಿಯಲ್ಲಿ ಉಸುರಿದ್ದನ್ನು ನಾನೇ ಕಂಡಿದ್ದೇನೆ. ಪಾಸ್‌ಪೋರ್ಟಿನಲ್ಲಿ ಅಷ್ಟೇ ಇತ್ತು, ಸರ್‌ನೇಮ್ ಖಾಲಿ. ಅಮೆರಿಕದವರು ಆ ಮಂಜುನಾಥನನ್ನು ಎತ್ತಿ ಸರ್‌ನೇಮ್ ಜಾಗಕ್ಕೆ ಹಾಕಿ, ಖಾಲಿಯಾದ ಕಡೆ ಮೂರಕ್ಷರ ಒತ್ತಿದರು: ಎಫ್ ಎನ್ ಯು. ಫಸ್ಟ್ ನೇಮ್ ಅನ್‌ನೋನ್. ಹೆಸರು ಗೊತ್ತಿಲ್ಲ! ಉಂಗುರದಲ್ಲಿ ಬರೆದದ್ದನ್ನು ರಬ್ಬರಿನಲ್ಲಿ ಒರೆಸಿದಂತಾಯಿತು.

ಅಲ್ಲಿಯವರಿಗೆ ಅದು ಸಂಕ್ಷೇಪ ಎಂದೂ ಗೊತ್ತಾಗುವುದಿಲ್ಲವಂತೆ. ಬಾಯಿ ತುಂಬ "ಫ್ನೂ" ಅನ್ನುತ್ತಾರೆ. ಕ್ಲಾಸಿನಲ್ಲಿ ಫ್ನೂ ಎಂದು ಕರೆದರೆ ಮೂವರು ಕೈಯೆತ್ತುತ್ತಿದ್ದರಂತೆ: ಇವನು, ಒಬ್ಬ ತಮಿಳು ಹುಡುಗ, ಇಂಡೋನೇಷ್ಯಾದ ಒಬ್ಬಳು. ನಿಮ್ಮ ಕಡೆ ಇದು ಬಹಳ ಜನಪ್ರಿಯ ಹೆಸರೇ ಎಂದು ಪ್ರೊಫೆಸರು ವಿಚಾರಿಸಿದರಂತೆ. 1961ರಿಂದ 1971ರವರೆಗೆ ಅದೇ ಅಮೆರಿಕದ ನ್ಯೂಯಾರ್ಕಿನಲ್ಲಿ ಕೂತು ವಿಶ್ವಸಂಸ್ಥೆಯನ್ನು ನಡೆಸಿದ ಬರ್ಮಾದ ಊ ಥಾಂಟ್ ಅವರಿಗೂ ಇದ್ದದ್ದು ಒಂದೇ ಹೆಸರು. "ಊ" ಎಂದರೆ ನಮ್ಮ "ಶ್ರೀ" ಇದ್ದ ಹಾಗೆ. ಈಗಾಗಿದ್ದರೆ ಅವರೂ ಫ್ನೂ.

ಹೋದ ತಿಂಗಳು ನಮ್ಮ ಫ್ನೂಗೆ ಮಗಳು ಹುಟ್ಟಿದಳು. ನಾಮಕರಣ ಅಲ್ಲಿ, ಊಟ ಇಲ್ಲಿ. ಕಾರ್ಡು ಮಾಡಿಸಲು ಅತ್ತಿಗೆ ವಿಡಿಯೋ ಕಾಲ್ ಹಚ್ಚಿ, ಪೆನ್ನು ಹಿಡಿದು ಕೂತರು.

"ಹೆಸರು ಸರಿ ಕಣೋ, ಇನಿಷಿಯಲ್ ಎಂ ತಾನೆ?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡೆವು.

"ಇಲ್ಲಮ್ಮ. ಆಸ್ಪತ್ರೆ ರೆಕಾರ್ಡ್ ಪ್ರಕಾರ ಎಫ್."