ಸತ್ಯಾಂಶ: 12 ವೋಲ್ಟ್ ತೋರಿಸಿದರೆ ಬೈಕ್ ಬ್ಯಾಟರಿ ಸರಿಯಿದೆಯೇ?

‘ಮಲ್ಟಿಮೀಟರ್‌ನಲ್ಲಿ 12 ವೋಲ್ಟ್ ಬಂದರೆ ಬ್ಯಾಟರಿ ಚೆನ್ನಾಗಿದೆ, ಕಡಿಮೆಯಾದರೆ ಬದಲಿಸಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದರ ಎರಡು ಭಾಗವೂ ತಪ್ಪು.

ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ (ಹೆಚ್ಚಿನ ಬೈಕ್‌ಗಳಲ್ಲಿರುವ ಸೀಸ-ಆಮ್ಲದ ಬ್ಯಾಟರಿ), ಗಾಡಿ ನಿಲ್ಲಿಸಿ ಕೆಲವು ಗಂಟೆ ಕಳೆದ ಮೇಲೂ 12.6 ವೋಲ್ಟ್‌ಗಿಂತ ಮೇಲಿರಬೇಕು. 12ಕ್ಕೆ ಇಳಿದಿದ್ದರೆ ಚಾರ್ಜ್ ಬಹುಪಾಲು ಖಾಲಿ. ಆದರೆ ಖಾಲಿಯಾದದ್ದೆಲ್ಲ ಕೆಟ್ಟದ್ದಲ್ಲ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಇದು ಮಾಮೂಲಿ. ಮೊದಲು ಚಾರ್ಜರ್‌ನಿಂದ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು ಅಳೆಯಿರಿ.

ನಿಜವಾದ ಪರೀಕ್ಷೆ ಹೊರೆ ಬಿದ್ದಾಗ. ಮೀಟರ್ ಕಡ್ಡಿಗಳನ್ನು ಟರ್ಮಿನಲ್‌ಗೆ ಹಿಡಿದು ಸೆಲ್ಫ್ ಒತ್ತಿ. ಪೂರ್ತಿ ಚಾರ್ಜ್ ಆಗಿದ್ದೂ ವೋಲ್ಟೇಜ್ 9.5ಕ್ಕಿಂತ ಕೆಳಗೆ ಕುಸಿದರೆ ಒಳಗಿನ ಪ್ಲೇಟುಗಳು ಸವೆದಿವೆ ಅಥವಾ ಅವುಗಳ ಮೇಲೆ ಸಲ್ಫೇಟ್ ಎಂಬ ಗಟ್ಟಿ ಪದರ ಕಟ್ಟಿದೆ ಎಂದೇ ಲೆಕ್ಕ. ಹಾರ್ನ್ ಜೋರಾಗಿದೆ ಎಂಬುದು ಸಾಕ್ಷಿಯಲ್ಲ, ಸೆಲ್ಫ್ ಮೋಟರ್ ಎಳೆಯುವ ಕರೆಂಟ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ಟರ್ಮಿನಲ್ ಸಡಿಲವಾಗಿದ್ದರೂ, ಬಿಳಿ ಪುಡಿ ಹಿಡಿದಿದ್ದರೂ ಸೆಲ್ಫ್ ಸರಿಯಾಗಿ ತಿರುಗುವುದಿಲ್ಲ. ಮೊದಲು ಅದನ್ನು ಸ್ವಚ್ಛಮಾಡಿ ಬಿಗಿಮಾಡಿ.

ಇನ್ನೊಂದು, ಹೆಚ್ಚಿನವರು ಮರೆಯುವುದು: ಎಂಜಿನ್ ಚಾಲೂ ಮಾಡಿ ತುಸು ರೇಸ್ ಕೊಟ್ಟಾಗ ಟರ್ಮಿನಲ್‌ನಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಬರದಿದ್ದರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ಅಥವಾ ಸ್ಟೇಟರ್ (ಎಂಜಿನ್ ತಿರುಗುವಾಗ ಕರೆಂಟ್ ಉತ್ಪಾದಿಸುವ ಸುರುಳಿ) ಕಡೆ ನೋಡಿ. ಆ ದೋಷ ಉಳಿದರೆ ಹೊಸ ಬ್ಯಾಟರಿಯೂ ಬೇಗ ಕೈಕೊಡುತ್ತದೆ. ಲಿಥಿಯಂ ಬ್ಯಾಟರಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ.